ಕಳೆ ಕೀಳುವ ಕೈ ಬೇಡ, ವಿಷದ ಬಾಟಲಿ ಬೇಕು!

ಕನ್ನಡದಲ್ಲಿ 'ಕಳೆ' ಎಂಬ ಮಾತು ಬಹಳ ಚೇಷ್ಟೆಯದು. ಮುಖದ ಕಾಂತಿಯೂ ಕಳೆ, ಹೂವಿನ ಪಾತಿಯಲ್ಲಿ ಕರೆಯದೆ ಬಂದು ಕುಳಿತ ಹುಲ್ಲೂ ಕಳೆ, ಲೆಕ್ಕದಲ್ಲಿ ಒಂದರಿಂದ ಇನ್ನೊಂದನ್ನು ತೆಗೆಯುವುದೂ ಕಳೆಯುವುದೇ. ಕಳೆಯನ್ನು ಕಳೆದರೆ ಅಂಗಳಕ್ಕೆ ಕಳೆ ಬರುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಆದರೆ ನಮ್ಮ ಪುಣೆಯ ಹೌಸಿಂಗ್ ಸೊಸೈಟಿಗಳ ಅಂಗಳಗಳಲ್ಲಿ ಈಚೆಗೆ ನಡೆಯುತ್ತಿರುವುದು ಈ ಯಾವ ಅರ್ಥದ ಕಳೆಯುವಿಕೆಯೂ ಅಲ್ಲ. ಅಲ್ಲಿ ನಡೆಯುತ್ತಿರುವುದು ವಿಷಪ್ರಯೋಗ. ಇದನ್ನು ಮೃದುವಾದ ಮಾತಿನಲ್ಲಿ ಹೇಳಲು ನಮಗೆ ಮನಸ್ಸಿಲ್ಲ.

ಸಂಘದ ಮಾಸಪತ್ರಿಕೆಯಲ್ಲಿ ಹುಲ್ಲು ಕಡ್ಡಿಯ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಕಾರಣ ಸರಳವಾಗಿದೆ. ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ತಮ್ಮ ತಮ್ಮ ಸೊಸೈಟಿಗಳಲ್ಲಿ ಚೇರ್ಮನ್, ಸೆಕ್ರೆಟರಿ, ಖಜಾಂಚಿಗಳಾಗಿದ್ದಾರೆ. ತೋಟದ ಗುತ್ತಿಗೆಯ ಕಾಗದಕ್ಕೆ ರುಜು ಬೀಳುವುದು ಇವರ ಕೈಯಿಂದಲೇ. ನಾವು ಧಾರವಾಡದಲ್ಲಿ ಸಸ್ಯಶಾಸ್ತ್ರವನ್ನು ಒಂದು ವಿಷಯವಾಗಿಟ್ಟುಕೊಂಡು ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆಗೆ ಸೇರಿದವರು. ಗಿಡದ ಹೆಸರೂ ಗೊತ್ತು, ರುಜುವಿನ ಬೆಲೆಯೂ ಗೊತ್ತು. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನಮಗುಂಟೆಂದು ಭಾವಿಸಿದ್ದೇವೆ.

ಈಗ ನಡೆಯುವ ಕ್ರಮ ಹೀಗಿದೆ. ಮಳೆಗಾಲ ಹಿಡಿದು ಮೂರು ವಾರಕ್ಕೆ ಹೂಪಾತಿಗಳಲ್ಲಿ ಹಸಿರು ಏಳುತ್ತದೆ. ಯಾರೋ ಒಬ್ಬರು ಸೊಸೈಟಿಯ ವಾಟ್ಸಾಪಿನಲ್ಲಿ ಅದರ ಚಿತ್ರ ಹಾಕಿ 'ಇದೇನು ತೋಟವೋ, ಕಾಡೋ' ಎಂದು ಕೇಳುತ್ತಾರೆ. ಸೆಕ್ರೆಟರಿ ಗುತ್ತಿಗೆದಾರನಿಗೆ ಫೋನ್ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಒಬ್ಬ ಹುಡುಗ ಬೆನ್ನಿಗೆ ಪಂಪು ಕಟ್ಟಿಕೊಂಡು, ಕಾಲಿಗೆ ಹವಾಯಿ ಚಪ್ಪಲಿ, ಮೂಗಿಗೆ ಒಂದು ಕರವಸ್ತ್ರ, ಕೈಗೆ ಏನೂ ಇಲ್ಲದೆ ಬಂದು, ಮಕ್ಕಳು ಆಡುವ ಜಾಗವೂ ಸೇರಿದಂತೆ ಎಲ್ಲ ಕಡೆಗೂ ಸಿಂಪಡಿಸಿ ಹೋಗುತ್ತಾನೆ. ಒಂದು ಫಲಕವಿಲ್ಲ, ಒಂದು ಸೂಚನೆಯಿಲ್ಲ. ಹತ್ತು ದಿನಕ್ಕೆ ಹುಲ್ಲು ಹಳದಿಯಾಗುತ್ತದೆ. 'ನೋಡಿ, ಎಷ್ಟು ಸ್ವಚ್ಛ!' ಎಂದು ಸಂತೋಷಪಡುತ್ತೇವೆ. ಸತ್ತದ್ದಕ್ಕೆ ಸ್ವಚ್ಛವೆಂದು ಹೆಸರಿಡುವ ಈ ಹೊಸ ನಿಘಂಟನ್ನು ಯಾರು ಬರೆದರೋ ತಿಳಿಯದು.

ಆ ಪಂಪಿನಲ್ಲಿರುವುದು ಸಾಮಾನ್ಯವಾಗಿ ಗ್ಲೈಫೋಸೇಟ್. ಎಲೆಯ ಮೇಲೆ ಬಿದ್ದದ್ದು ಗಿಡದ ಒಳಗೆ ಇಳಿದು ಬೇರಿನವರೆಗೆ ಹೋಗುತ್ತದೆ. ಗಿಡವು ತನಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳುವ ಮಾರ್ಗವನ್ನೇ ಅದು ಮುಚ್ಚಿಬಿಡುತ್ತದೆ, ಗಿಡ ಸೊರಗಿ ಸಾಯುತ್ತದೆ. ಇದಕ್ಕೆ ದಾಸವಾಳ, ಹುಲ್ಲು ಎಂಬ ಭೇದವಿಲ್ಲ. ಗಾಳಿಗೆ ಹಾರಿದ ಹನಿ ಗುಲಾಬಿಯ ಎಲೆಯ ಮೇಲೆ ಬಿದ್ದರೂ ಅದೇ ಕೆಲಸ ಮಾಡುತ್ತದೆ. ಮುಖ್ಯವಾದ ಸಂಗತಿ ಇನ್ನೊಂದಿದೆ: ಮಣ್ಣಿನಲ್ಲಿ ಮಲಗಿರುವ ಬೀಜಕ್ಕೆ ಇದು ಏನನ್ನೂ ಮಾಡುವುದಿಲ್ಲ. ಎದ್ದು ನಿಂತ ಹಸಿರನ್ನು ಮಾತ್ರ ಕೊಲ್ಲುತ್ತದೆ. ಬರಿದಾದ ನೆಲಕ್ಕೆ ಬಿಸಿಲು ಬಿದ್ದೊಡನೆ ಕೆಳಗಿನ ಬೀಜಗಳು ಮೊಳೆಯುತ್ತವೆ. ಹುಡುಗ ಮತ್ತೆ ಪಂಪು ಕಟ್ಟಿಕೊಂಡು ಬರುತ್ತಾನೆ. ಗುತ್ತಿಗೆದಾರನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಬೇರೆ ಯಾವುದಿದೆ? ರೋಗವೂ ವಾಸಿಯಾಗಬಾರದು, ಔಷಧವೂ ನಿಲ್ಲಬಾರದು.

ಈ ರಾಸಾಯನಿಕವು ಮನುಷ್ಯನಿಗೆ ಏನು ಮಾಡುತ್ತದೆಂಬ ವಾದ ಇನ್ನೂ ನಡೆಯುತ್ತಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಮನುಷ್ಯರಲ್ಲಿ ಪ್ರಾಯಶಃ ಕ್ಯಾನ್ಸರ್ ತರುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಅಮೆರಿಕದ ಪರಿಸರ ಇಲಾಖೆ ಅದನ್ನು ಒಪ್ಪಲಿಲ್ಲ. ಪಂಡಿತರು ಜಗಳವಾಡಿಕೊಳ್ಳಲಿ. ನಮ್ಮ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ, ಗ್ಲೈಫೋಸೇಟನ್ನು ಕೀಟನಿಯಂತ್ರಣದ ಪರವಾನಗಿಯುಳ್ಳ ಪರಿಣತರ ಮೂಲಕವಲ್ಲದೆ ಬೇರೆ ಯಾರೂ ಬಳಸತಕ್ಕದ್ದಲ್ಲ ಎಂದು ಹೇಳಿತು. ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯವಿದೆಯೆಂಬುದೇ ಅದಕ್ಕೆ ಕೊಟ್ಟ ಕಾರಣ. ಪರವಾನಗಿಯ ಪ್ರತಿಯನ್ನು ತೋರಿಸೆಂದು ತೋಟದ ಗುತ್ತಿಗೆದಾರನನ್ನು ಕೇಳಿದ ಸೊಸೈಟಿಗಳೆಷ್ಟು? ಲಿಫ್ಟಿನ ರಿಪೇರಿಗೆ ಮೂರು ಕೊಟೇಶನ್ ತರಿಸುವ ಕಮಿಟಿಯವರು ವಿಷಕ್ಕೆ ಒಂದು ಕಾಗದವನ್ನೂ ಕೇಳುವುದಿಲ್ಲ.

ಇನ್ನು ಕೆಲವರು 'ನಾವು ರಾಸಾಯನಿಕ ಬಳಸುವುದಿಲ್ಲ, ಉಪ್ಪುನೀರು ಹಾಕಿಸುತ್ತೇವೆ' ಎಂದು ಹೆಮ್ಮೆಪಡುತ್ತಾರೆ. ಇವರಿಗೆ ಕೈಮುಗಿಯಬೇಕು! ಉಪ್ಪು ಸುಲಭವಾಗಿ ನೆಲ ಬಿಟ್ಟು ಹೋಗುವುದಿಲ್ಲ. ಕಳೆಯ ಜೊತೆಗೆ ಮುಂದಿನ ಹೂಗಿಡದ ಬದುಕನ್ನೂ ತೆಗೆಯುತ್ತದೆ.

ಈಗ ಕಳೆಗಳನ್ನೇ ಒಂದಿಷ್ಟು ನೋಡೋಣ. ಶತ್ರು ಯಾರೆಂದು ತಿಳಿಯದೆ ಯುದ್ಧಕ್ಕೆ ಹೊರಟವರ ಗತಿ ನಮ್ಮದಾಗಿದೆ. ಪುಣೆಯ ಹೂಪಾತಿಯಲ್ಲಿ ಏಳುವ ಹಸಿರಿನಲ್ಲಿ ನಿಜವಾಗಿ ತಲೆನೋವು ಕೊಡುವ ಜಾತಿಗಳು ಎರಡೋ ಮೂರೋ. ಉಳಿದವು ಕೈಯಲ್ಲಿ ಹಿಡಿದೆಳೆದರೆ ಬರುವಂಥವು, ಕೆಲವಂತೂ ಅಡಿಗೆಮನೆಗೇ ಹೋಗತಕ್ಕವು. ಕನ್ನೆ ಸೊಪ್ಪು, ಗೋಳಿ ಸೊಪ್ಪು, ಅಣ್ಣೆ ಸೊಪ್ಪು, ಕೊಮ್ಮೆ, ಹೊನಗೊನೆ, ಮುಳ್ಳುಹರಿವೆಯ ಎಳೆ ಕುಡಿ: ಮೈಸೂರು ಕಡೆಯವರಾದರೆ ಇವನ್ನು ನೋಡಿ ಬೆರಕೆ ಸೊಪ್ಪಿನ ಸಾರು ನೆನೆಸಿಕೊಳ್ಳುತ್ತಾರೆ. ಈ ಅಣ್ಣೆ ಸೊಪ್ಪಿನದೊಂದು ವಿನೋದವಿದೆ. ನರ್ಸರಿಯಿಂದ ದುಡ್ಡು ಕೊಟ್ಟು ತರುವ ಕೋಳಿಜುಟ್ಟಿನ ಹೂವಿನ ಗಿಡವೂ ಇದೂ ಒಂದೇ ಸಸ್ಯಜಾತಿ. ಕುಂಡದಲ್ಲಿದ್ದರೆ ಅಲಂಕಾರ, ಪಕ್ಕದ ಪಾತಿಯಲ್ಲಿ ತಾನಾಗಿ ಹುಟ್ಟಿದರೆ ವಿಷಕ್ಕೆ ಪಾತ್ರ. ಟೇಬಲ್ ರೋಸ್ ಎಂದು ನಾವು ಸಾಕುವ ಗಿಡ ಗೋಳಿ ಸೊಪ್ಪಿನ ಹತ್ತಿರದ ಸಂಬಂಧಿ.

ಗರಿಕೆಯ ಕಥೆ ಇನ್ನೂ ಸೊಗಸು. ಬರ್ಮುಡಾ ಗ್ರಾಸ್ ಎಂಬ ಹೆಸರಿನಲ್ಲಿ ಚದರಡಿಗಿಷ್ಟು ಎಂದು ದುಡ್ಡು ಕೊಟ್ಟು ಲಾನಿಗೆ ಹಾಸುವುದೂ ಗರಿಕೆಯ ಜಾತಿಯೇ, ಅದೇ ಲಾನಿನಿಂದ ಪಕ್ಕದ ಗುಲಾಬಿ ಪಾತಿಗೆ ನುಗ್ಗಿದಾಗ ಗುತ್ತಿಗೆದಾರನಿಂದ ಕೊಲ್ಲಿಸುವುದೂ ಗರಿಕೆಯೇ, ಭಾದ್ರಪದ ಚೌತಿಯ ದಿನ ಮಂಡಈಗೆ ಹೋಗಿ ದೂರ್ವಾ ಎಂದು ಜೂಡಿ ಲೆಕ್ಕದಲ್ಲಿ ಕೊಂಡು ಇಪ್ಪತ್ತೊಂದು ಎಣಿಸಿ ಗಣಪತಿಯ ತಲೆಯ ಮೇಲೆ ಇಡುವುದೂ ಗರಿಕೆಯೇ. ಒಂದೇ ಹುಲ್ಲಿಗೆ ಮೂರು ಸಲ ದುಡ್ಡು ಕೊಡುವ ಬುದ್ಧಿವಂತರು ನಮ್ಮನ್ನು ಬಿಟ್ಟರೆ ಬೇರೆ ಯಾರಿದ್ದಾರೆ? ಗರಿಕೆ ಪಾತಿಗೆ ಬರಬಾರದೆಂದರೆ ಲಾನಿಗೂ ಪಾತಿಗೂ ನಡುವೆ ಒಂದು ಗೇಣು ಆಳದ ಇಟ್ಟಿಗೆಯ ಅಂಚು ಹೂಳಿ, ಅದನ್ನು ದಾಟಿ ಬರುವ ಬಳ್ಳಿಯನ್ನು ಆಗಾಗ ಕತ್ತರಿಸಿದರೆ ಬಹಳ ಮಟ್ಟಿಗೆ ಸಾಕು.

ನಿಜವಾದ ಶತ್ರುಗಳಲ್ಲಿ ಮೊದಲನೆಯದು ಜೇಕು. ಕೊನ್ನಾರಿ ಎಂದೂ ತುಂಗೆ ಎಂದೂ ಕರೆಯುವುದುಂಟು, ಮರಾಠಿಯಲ್ಲಿ ಲವ್ಹಾಳಾ. ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಕಾಂಡ ಮುಟ್ಟಿ ನೋಡಿದರೆ ಮೂರು ಮೂಲೆ ಸಿಕ್ಕುತ್ತದೆ. ಪ್ರಪಂಚದ ಅತಿ ಕೆಟ್ಟ ಕಳೆಗಳ ಕುರಿತು 1977ರಲ್ಲಿ ಹೊರಬಂದ ಹೋಮ್ ಮತ್ತು ಸಂಗಡಿಗರ ಗ್ರಂಥದಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಇದರ ಬಲವೆಲ್ಲ ನೆಲದೊಳಗೆ. ಮೇಲಿನ ಗಿಡದಿಂದ ಸಣ್ಣ ಬೇರುಕಾಂಡ ಹೊರಟು, ಅದರ ತುದಿಗೆ ಒಂದು ಗಡ್ಡೆ, ಅಲ್ಲಿಂದ ಮುಂದೆ ಇನ್ನೊಂದು ಗಡ್ಡೆ, ಹೀಗೆ ಸರಪಳಿ ಬೆಳೆಯುತ್ತದೆ. ಒಂದು ಗಡ್ಡೆ ಎಚ್ಚರವಾಗಿದ್ದರೆ ಹಿಂದಿನವು ನಿದ್ರೆಯಲ್ಲಿರುತ್ತವೆ. ವಿಷ ಹೊಡೆದಾಗ ಹಸಿರೆಲೆಗೆ ಚೆನ್ನಾಗಿ ಅಂಟಿಕೊಂಡ ಗಡ್ಡೆ ಸಾಯಬಹುದು, ಮಲಗಿದ್ದವಕ್ಕೆ ವಿಷ ಸರಿಯಾಗಿ ತಲುಪುವುದಿಲ್ಲ; ಅವು ಆಮೇಲೆ ಏಳುತ್ತವೆ. ನಮ್ಮ ಸೊಸೈಟಿಯಲ್ಲೇ ಕಳೆದ ಮಳೆಗಾಲದಲ್ಲಿ ಆದದ್ದು ಇದು: ಸಿಂಪಡಿಸಿದ ಆರು ವಾರಕ್ಕೆ ಜೇಕು ಮೊದಲಿನಂತೆಯೇ ನಿಂತಿತ್ತು. ಅಂಚಿನಲ್ಲಿದ್ದ ದಾಸವಾಳದ ಚಿಗುರು ಮಾತ್ರ ಸುರುಟಿ ಹೋಗಿತ್ತು.

ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದರೆ ಜೇಕು ಅದನ್ನು ಚುಚ್ಚಿಕೊಂಡೇ ಮೇಲೆ ಬರುತ್ತದೆ, ಅದರ ಮೊಳಕೆಯ ತುದಿ ಅಷ್ಟು ಚೂಪು. ಗುದ್ದಲಿಯಿಂದ ಅಗೆದು ಹರಡಿದರೆ ಸರಪಳಿ ತುಂಡಾಗಿ ಒಂದೊಂದು ಗಡ್ಡೆಯೂ ಒಂದೊಂದು ಸಂಸಾರ ಹೂಡುತ್ತದೆ. ಹಾಗಾದರೆ ಇದಕ್ಕೆ ಮದ್ದೇ ಇಲ್ಲವೇ? ಇದೆ. ಜೇಕಿಗೆ ನೆರಳು ಆಗದು. ಎರಡು ಮೂರು ವಾರಕ್ಕೊಮ್ಮೆ ಬಿಡದೆ ಕುರ್ಪಿಯಿಂದ ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೊಯ್ಯುತ್ತ ಬಂದರೆ, ಪ್ರತಿ ಸಲವೂ ಹೊಸ ಎಲೆ ಬಿಡಲು ಗಡ್ಡೆ ತನ್ನ ಕೂಡಿಟ್ಟ ಹಿಟ್ಟನ್ನು ಖರ್ಚು ಮಾಡಬೇಕಾಗುತ್ತದೆ. ಆದಾಯವಿಲ್ಲದೆ ಖರ್ಚು ಮಾಡುವವನ ಪಾಸ್‌ಬುಕ್ಕು ಏನಾಗುತ್ತದೆಂದು ತಿಂಗಳ ಕೊನೆಯ ವಾರ ಕಂಡ ಗುಮಾಸ್ತರಿಗೆ ವಿವರಿಸಬೇಕಾಗಿಲ್ಲ. ಮೇಲೆ ಒತ್ತಾಗಿ ಹೂಗಿಡಗಳ ನೆರಳೂ ಇದ್ದರೆ ಎರಡು ಮಳೆಗಾಲದಲ್ಲಿ ಅದು ಸೋಲುತ್ತದೆ. ಮೂಲದಲ್ಲಿ ಈ ಜೇಕನ್ನು ಒಳಗೆ ತರುವವರೂ ನಾವೇ. ತೋಟಕ್ಕೆಂದು ಟ್ರಕ್ಕುಗಟ್ಟಲೆ ಪೊಯ್ಟಾ ಮಣ್ಣು ತರಿಸುತ್ತೇವೆ, ನರ್ಸರಿಯ ಕುಂಡಗಳನ್ನು ಬೇರು ನೋಡದೆ ನೆಡುತ್ತೇವೆ. ಗಡ್ಡೆಗಳು ಅದರಲ್ಲೇ ಕುಳಿತು ಪ್ರಯಾಣ ಮಾಡುತ್ತವೆ.

ಎರಡನೆಯ ಶತ್ರು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಇಲ್ಲಿಯವರ ಗಾಜರ್ ಗವತ್. ಇದರಲ್ಲಿ ಪುಣೆಗೆ ಒಂದು ದೊಡ್ಡ ಕೀರ್ತಿಯಿದೆ. ಈ ದೇಶದಲ್ಲಿ ಇದು ಹರಡುತ್ತಿರುವುದನ್ನು ಸಸ್ಯಶಾಸ್ತ್ರಜ್ಞರು ಮೊದಲು ಗುರುತಿಸಿದ್ದು 1955ರಲ್ಲಿ, ಈ ಊರಿನಲ್ಲಿಯೇ. ಪಿ.ಎಲ್. 480ರ ಗೋಧಿಯ ಜೊತೆ ಬಂತೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಒಪ್ಪಂದಕ್ಕೆ ರುಜುವಾದದ್ದು 1956ರ ಆಗಸ್ಟ್‌ನಲ್ಲಿ, ಗಿಡ ಕಂಡದ್ದು ಅದಕ್ಕೂ ಮೊದಲು. ಕಡತದ ತಾರೀಖು ನೋಡುವುದು ನಮ್ಮ ವೃತ್ತಿದೋಷ, ಕ್ಷಮಿಸಬೇಕು. ಹೇಗೇ ಬರಲಿ, ಬಂದು ನಮ್ಮ ಕರ್ನಾಟಕವನ್ನೂ ಆವರಿಸಿತು. 1975ರಲ್ಲಿ ಅಲ್ಲಿನ ಸರ್ಕಾರ ಇದನ್ನು ಕಾನೂನಿನ ಪ್ರಕಾರ ಉಪದ್ರವಕಾರಿ ಕಳೆಯೆಂದು ಸಾರಬೇಕಾಯಿತು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೈಗೆ ತಗುಲಿದರೆ ಕೆಲವರಿಗೆ ಚರ್ಮ ಕೆಂಪಗಾಗಿ ತುರಿಕೆ ಹತ್ತುತ್ತದೆ, ಅದರ ಪರಾಗ ಕೆಲವರಿಗೆ ಮೂಗು ಕಣ್ಣುಗಳ ಕಾಟ ತರುತ್ತದೆ.

ಇದಕ್ಕೆ ಸರ್ಕಾರಿ ವಿಜ್ಞಾನಿಗಳು ಹುಡುಕಿದ ಉಪಾಯವನ್ನು ಕೇಳಿ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, ಹೊರಗೆ ಬಿಟ್ಟರು. ಕೆನೆಬಣ್ಣದ ಬೆನ್ನ ಮೇಲೆ ಕಪ್ಪು ಗೀರುಗಳಿರುವ ಪುಟ್ಟ ಹುಳು. ಈಗ ಅದು ದೇಶದ ಬಹು ಭಾಗಗಳಲ್ಲಿ ಹರಡಿದೆ. ಮಳೆಗಾಲದಲ್ಲಿ ಪಾರ್ಥೇನಿಯಂ ಗಿಡವನ್ನು ಎಲೆ ಬಿಡದೆ ತಿಂದು ಬೋಳು ಮಾಡುತ್ತದೆ, ಚಳಿಗಾಲ ಹತ್ತಿರ ಬಂದಾಗ ಮಣ್ಣಿನಲ್ಲಿ ಅಡಗಿ ನಿದ್ರಿಸುತ್ತದೆ. ಒಂದು ಪೈಸೆ ಸಂಬಳ ಕೇಳದೆ ದುಡಿಯುವ ಈ ನೌಕರನಿಗೆ ನಮ್ಮ ಅಂಗಳಗಳಲ್ಲಿ ಸಿಗುವ ಮರ್ಯಾದೆ ಏನು? ಗುಲಾಬಿಗೆ ಹುಳು ಬಿತ್ತೆಂದು ಕೀಟನಾಶಕ ಹೊಡೆಸಿ ಇದನ್ನೂ ಕೊಲ್ಲುತ್ತೇವೆ, ಆಮೇಲೆ ಪಾರ್ಥೇನಿಯಂಗೆಂದು ಬೇರೆ ಬಾಟಲಿ ತರಿಸುತ್ತೇವೆ. ಹುಳು ಒಂದರಿಂದಲೇ ಗಿಡ ಪೂರ್ತಿ ಹೋಗುವುದಿಲ್ಲ ನಿಜ. ಆದರೆ ಹುಳುವಿನ ಜೊತೆಗೆ, ನೆಲ ಒದ್ದೆಯಾಗಿರುವಾಗ, ಹೂ ಬಿಡುವ ಮೊದಲು, ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತರೆ ಒಂದು ಅಂಗಳದ ಮಟ್ಟಿಗೆ ಇದು ಏನೇನೂ ದೊಡ್ಡ ಕೆಲಸವಲ್ಲ.

ಅಂದವನ್ನು ಬಯಸಿ ತಂದದ್ದೇ ಅನರ್ಥವಾದದ್ದಕ್ಕೂ ಉದಾಹರಣೆ ಬೇಕೆ? ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಲುವಿಗಾಗಿ ತರಲಾಯಿತು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಆನೆಗೆ ಹುಲ್ಲು ಸಿಗದಂತೆ ಅದು ಹಬ್ಬಿ ನಿಂತಿದೆ. ಇಷ್ಟಾದರೂ ನಮಗೆ ಬುದ್ಧಿ ಬಂದಿಲ್ಲ. 'ನೆಲ ಮುಚ್ಚುತ್ತದೆ, ಕಳೆ ಬರುವುದಿಲ್ಲ' ಎಂದು ನರ್ಸರಿಯವರು ಹೇಳಿದೊಡನೆ ಹಳದಿ ಹೂವಿನ ವೆಡೇಲಿಯಾವನ್ನು ಕೊಂಡು ತಂದು ಕಾಂಪೌಂಡಿನುದ್ದಕ್ಕೂ ನೆಡುತ್ತೇವೆ. ಪ್ರಪಂಚದ ಅತಿ ಆಕ್ರಮಣಕಾರಿ ನೂರು ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಲಂಟಾನವೂ ಇದೆ, ಈ ವೆಡೇಲಿಯಾವೂ ಇದೆ.

ವಿಷದ ಪರವಾಗಿ ಸೊಸೈಟಿಯ ಸಭೆಗಳಲ್ಲಿ ಮಂಡಿಸುವ ವಾದಗಳು ನಮಗೆ ಬಾಯಿಪಾಠವಾಗಿವೆ. ಕಳೆ ಬೆಳೆದರೆ ಡೆಂಗ್ಯೂ ಬರುತ್ತದಂತೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಬಾಲ್ಕನಿಯ ಕುಂಡದ ಕೆಳಗಿನ ತಟ್ಟೆಯಲ್ಲಿ, ಟೆರೇಸಿನ ಹಳೆಯ ಟೈರಿನಲ್ಲಿ, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ. ಗರಿಕೆಯ ಎಲೆಯಲ್ಲಿ ಅಲ್ಲ. ಹಾವು ಬರುತ್ತದಂತೆ. ಹಾವು ಬರುವುದು ಇಲಿಗಾಗಿ, ಇಲಿ ಬರುವುದು ನಾವು ಸಂಪಿನ ಪಕ್ಕ ಚೆಲ್ಲಿದ ಅನ್ನಕ್ಕಾಗಿ. ಕೊನೆಗೆ ಉಳಿಯುವ ವಾದ ಒಂದೇ: 'ಕೈಯಿಂದ ಕೀಳಲು ಜನ ಸಿಗುವುದಿಲ್ಲ, ಸಿಕ್ಕರೂ ದುಬಾರಿ.'

ಈ ಮಾತನ್ನು ಪುಣೆಯಲ್ಲಿ ಕುಳಿತ ಕನ್ನಡಿಗರು ಆಡುವುದನ್ನು ಕೇಳಿದಾಗ ನಮಗೆ ಬರುವಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ಜನ ಸಿಗುವುದಿಲ್ಲವೇ? ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಹೊಲದ ಕೆಲಸ ಮುಗಿದೊಡನೆ ಮನೆಗೆ ಬೀಗ ಹಾಕಿ ಇಲ್ಲಿಗೆ ದುಡಿಯಲು ಬರುವ ಸಂಸಾರಗಳು ಯಾರು? ನಮ್ಮ ಕಟ್ಟಡಗಳಿಗೆ ಇಟ್ಟಿಗೆ ಹೊರುವ, ನಮ್ಮ ಅಂಗಳ ಗುಡಿಸುವ ಆ ಹೆಣ್ಣುಮಕ್ಕಳು ಬುದ್ಧಿ ಬಂದಾಗಿನಿಂದ ಜೋಳ ತೊಗರಿಯ ಸಾಲುಗಳಲ್ಲಿ ಕುಳಿತು ಕಸ ತೆಗೆದವರು. ಯಾವುದು ಬೇರುಸಹಿತ ಬರುತ್ತದೆ, ಯಾವುದು ಮುರಿಯುತ್ತದೆ, ಯಾವುದನ್ನು ಪಲ್ಯಕ್ಕೆ ಎತ್ತಿಡಬೇಕು ಎಂಬುದೆಲ್ಲ ಅವರ ಬೆರಳಿಗೆ ಗೊತ್ತು. ನಮ್ಮ ಬಿ.ಎಸ್ಸಿ. ಅವರ ಮುಂದೆ ಏನೂ ಅಲ್ಲ. ಅವರ ಕೈಗೆ ಕುರ್ಪಿ ಕೊಟ್ಟು ಹದಿನೈದು ದಿನಕ್ಕೊಮ್ಮೆ ನ್ಯಾಯವಾದ ಕೂಲಿ ಕೊಡುವುದು ದುಬಾರಿ. ಗುತ್ತಿಗೆದಾರನಿಗೆ ತಿಂಗಳು ತಿಂಗಳು ಬಿಲ್ಲು ಪಾಸು ಮಾಡುವುದು ಮಾತ್ರ ಅಗ್ಗ!

ಇನ್ನೊಂದು ಸಂಗತಿ ಇದೆ, ಇದನ್ನು ಕಮಿಟಿಯವರು ನೋಡಿಯೇ ಇಲ್ಲ, ಅಥವಾ ನೋಡಿಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಂಜೆ ಕೆಲಸ ಮುಗಿಸಿ ಹೋಗುವಾಗ ಈ ಹೆಣ್ಣುಮಕ್ಕಳು ಕಾಂಪೌಂಡಿನ ಬದಿಯಲ್ಲಿ ಕುಳಿತು ಗೋಳಿ ಸೊಪ್ಪನ್ನೋ ಕನ್ನೆ ಸೊಪ್ಪನ್ನೋ ಕಿತ್ತು ಸೆರಗಿಗೆ ತುಂಬಿಕೊಳ್ಳುತ್ತಾರೆ. ಅದು ಆ ರಾತ್ರಿಯ ರೊಟ್ಟಿಯ ಜೊತೆಗೆ ಅವರ ಮಕ್ಕಳ ತಟ್ಟೆಗೆ ಹೋಗುತ್ತದೆ. ಬೆಳಿಗ್ಗೆ ಸಿಂಪಡಿಸಿದ ಸೊಪ್ಪು ಸಂಜೆಯ ಹೊತ್ತಿಗೂ ಹಸಿರಾಗಿಯೇ ಇರುತ್ತದೆ, ಹಳದಿಯಾಗಲು ದಿನಗಳು ಬೇಕು. ಫಲಕ ಹಾಕುವುದು ಬೇಡವೆಂದವರು ಇದಕ್ಕೆ ಏನು ಉತ್ತರ ಕೊಡುತ್ತಾರೆ? ನಮ್ಮ ಭಾಷೆಯನ್ನೇ ಆಡುವ ಜನ ಅವರು. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಿಂತು 'ಹೊರನಾಡ ಕನ್ನಡಿಗರ ಐಕ್ಯ' ಎಂದು ಭಾಷಣ ಮಾಡುವಾಗ ಈ ಸೆರಗಿನ ಸೊಪ್ಪು ಒಂದು ಸಲ ನೆನಪಿಗೆ ಬಂದರೆ ಸಾಕು.

ಕೀಳುವುದಕ್ಕಿಂತ ಮೇಲಾದ ಉಪಾಯವೂ ಉಂಟು, ಅದು ಬಾರದಂತೆ ಮಾಡುವುದು. ಬರಿಯ ಮಣ್ಣು ಇದ್ದರೆ ಕಳೆ ಬಂದೇ ಬರುತ್ತದೆ. ಬಹಳಷ್ಟು ಕಳೆಬೀಜಗಳಿಗೆ ಮೊಳೆಯಲು ಬೆಳಕು ಬೇಕು. ನಮ್ಮ ಮಾಲಿಗಳು ತಿಂಗಳಿಗೊಮ್ಮೆ ಪಾತಿಯನ್ನು ಅಗೆದು ಕೆಂಪಗೆ ಮಾಡಿ ಇಡುವುದು ನೋಡಲು ಚೆಂದ. ಆದರೆ ಪ್ರತಿ ಅಗೆತವೂ ಕೆಳಗೆ ಮಲಗಿದ್ದ ಬೀಜವನ್ನು ಬೆಳಕಿಗೆ ತರುವ ಕೆಲಸ. ಅದರ ಬದಲು ಪಾತಿಯ ಮೇಲೆ ಮೂರು ನಾಲ್ಕು ಅಂಗುಲ ಒಣ ಎಲೆ ಹಾಸಬೇಕು, ಗಿಡದ ಬುಡಕ್ಕೆ ತಾಗದಂತೆ ಸ್ವಲ್ಪ ಬಿಟ್ಟು. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೊಪ್ಪಿನ ಬೆಟ್ಟದಿಂದ ಸೊಪ್ಪನ್ನೂ ದರಕನ್ನೂ ಹೊತ್ತು ತಂದು ತೋಟಕ್ಕೆ ಹೊದಿಸುವುದನ್ನು ಅವರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಹೊದಿಕೆಯ ಕೆಳಗೆ ತೇವ ನಿಲ್ಲುತ್ತದೆ, ಎರೆಹುಳು ಬರುತ್ತದೆ, ಬೇಸಗೆಯಲ್ಲಿ ಟ್ಯಾಂಕರಿನ ನೀರೂ ಉಳಿಯುತ್ತದೆ. ನಾವಾದರೋ ಫೆಬ್ರವರಿ ಮಾರ್ಚಿನಲ್ಲಿ ಉದುರುವ ಎಲೆಯನ್ನೆಲ್ಲ ಗುಡಿಸಿ ಚೀಲ ಕಟ್ಟಿ ದುಡ್ಡು ಕೊಟ್ಟು ಹೊರಗೆ ಸಾಗಿಸುತ್ತೇವೆ, ಜೂನ್‌ನಲ್ಲಿ ದುಡ್ಡು ಕೊಟ್ಟು ವಿಷ ತರಿಸುತ್ತೇವೆ. ಬಿಳಿ ಜಲ್ಲಿಯ ಕೆಳಗೆ ಪ್ಲಾಸ್ಟಿಕ್ ಬಟ್ಟೆ ಹಾಸಿದ ಸೊಸೈಟಿಗಳಲ್ಲಿ ಒಂದೆರಡು ವರ್ಷದೊಳಗೆ ಜಲ್ಲಿಯ ನಡುವೆ ಧೂಳು ಕೂತು ಅದರಲ್ಲೇ ಕಳೆ ಹುಟ್ಟಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಕಮಿಟಿಗಳಲ್ಲಿರುವ ನಮ್ಮ ಸದಸ್ಯರಲ್ಲಿ ಕೇಳುವುದಿಷ್ಟು. ತೋಟದ ಗುತ್ತಿಗೆಯನ್ನು ಈ ಸಲ ಹೊಸದು ಮಾಡುವಾಗ ಅದರಲ್ಲಿ ಕೆಲವು ಮಾತು ಸೇರಿಸಿ: ಕಳೆನಾಶಕವನ್ನು ಅಂಗಳದೊಳಗೆ ತರಕೂಡದು, ಒಣ ಎಲೆ ಕಾಂಪೌಂಡು ಬಿಟ್ಟು ಹೊರಗೆ ಹೋಗಕೂಡದು, ಹದಿನೈದು ದಿನಕ್ಕೊಮ್ಮೆ ಕೈಯಿಂದ ಕಳೆ ತೆಗೆಸಬೇಕು, ತೆಗೆಯುವವರಿಗೆ ಕೈಗವಸು ಕೊಡಬೇಕು, ಕೂಲಿ ಅವರ ಕೈಗೇ ಸೇರಬೇಕು. ಗುತ್ತಿಗೆದಾರ ಒಪ್ಪದಿದ್ದರೆ ಬೇರೊಬ್ಬನನ್ನು ನೋಡಿ, ಪುಣೆಯಲ್ಲಿ ಅವರಿಗೇನೂ ಬರವಿಲ್ಲ. ಆದರೆ ಸಭೆಯನ್ನು ದಸರೆಯವರೆಗೆ ಮುಂದೂಡಬೇಡಿ. ಜೂನ್ ಮಳೆಗೆ ಮೊಳೆತ ಪಾರ್ಥೇನಿಯಂ ಒಂದು ತಿಂಗಳಿಗೇ ಹೂ ತೋರಿಸಲು ಶುರುಮಾಡುತ್ತದೆ, ಆದ್ದರಿಂದ ಮೊದಲ ಸುತ್ತಿನ ಕೀಳುವಿಕೆ ಜುಲೈ ಮೊದಲ ವಾರದೊಳಗೆ ಮುಗಿದಿರಬೇಕು.